ಬೂದಿಗುಂಡಿಯಲ್ಲಿ ಸಿಕ್ಕ ಮೂಳೆ

ಆಗೆಲ್ಲ ಶಿವಾಜಿನಗರದ ಮಾರ್ಕೆಟ್ಟಿನ ಮುಂದೆ ಬಣ್ಣ ಹಚ್ಚಿದ ಕೋಳಿಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುತ್ತಿದ್ದರು. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ನೆನಪಿದ್ದೀತು. ನಾನು ತಂದದ್ದು ಗುಲಾಬಿ ಬಣ್ಣದ್ದು. ತಿಂಗಳೊಳಗೆ ಬಣ್ಣ ಹೋಗಿ ಬರೀ ಬಿಳಿ ಮರಿಯಾದರೂ ಹೆಸರು ಗುಲಾಬಿ ಎಂದೇ ಉಳಿಯಿತು. ಗುರುತಿಗೆ ಕಾಲಿಗೆ ನೀಲಿ ಉಲ್ಲನ್ ದಾರ ಕಟ್ಟಿದ್ದೆ. ನಮ್ಮ ಮರ್ಫಿ ಟೌನಿನ ವಠಾರದಲ್ಲಿ ಯಾರನ್ನೂ ನಂಬುವಂತಿಲ್ಲ ಎಂಬುದು ನನ್ನ ಒಂಬತ್ತು ವರ್ಷದ ತಲೆಯ ತೀರ್ಮಾನ.

ಒಂದು ಶನಿವಾರ ಬೆಳಿಗ್ಗೆ ಬುಟ್ಟಿ ಮಗುಚಿತ್ತು, ಗುಲಾಬಿ ಇರಲಿಲ್ಲ. ಭಾನುವಾರ ಪಕ್ಕದ ಕೋಣೆಯ ಯಲ್ಲಮ್ಮಕ್ಕನ ಒಲೆಯಿಂದ ಕೋಳಿಸಾರಿನ ಘಮ ಬಂತು. ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು. ದಿನಾ ನನಗೊಂದು ಬಿಸಿ ಜೋಳದ ರೊಟ್ಟಿ ಕೊಡುತ್ತಿದ್ದವಳು. ಅವತ್ತು ರೊಟ್ಟಿಯ ಜೊತೆ ಸಾರೂ ಕೊಟ್ಟಳು. ನಾನು ಮುಟ್ಟಲಿಲ್ಲ.

ಸೋಮವಾರ ಅವಳು ಒಲೆಬೂದಿ ಸುರಿಯುತ್ತಿದ್ದ ಗುಂಡಿಯನ್ನು ಕೋಲಿನಿಂದ ಕೆದಕಿದೆ. ಹೊರಗೆ ಬಿದ್ದ ಮೂಳೆಯನ್ನು ನಾಯಿಗಳು ಉಳಿಸುತ್ತಿರಲಿಲ್ಲ. ಬೂದಿಯೊಳಗೆ ಸೇರಿದ್ದು ಮಾತ್ರ ಬೆಳ್ಳಗೆ, ಗಟ್ಟಿಯಾಗಿ ಉಳಿಯುತ್ತಿತ್ತು. ಕಾಲಿನ ಉದ್ದ ಮೂಳೆಯೊಂದು ಸಿಕ್ಕಿತು. ನಲ್ಲಿಯ ಮುಂದೆ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾಗ ಅದನ್ನು ಎತ್ತಿ ತೋರಿಸಿದೆ.

“ಇದು ನನ್ ಗುಲಾಬಿದು ತಾನೆ?”

“ಅಂಗಡ್ಯಾಗಿಂದ ತಂದೀನವ್ವಾ,” ಎಂದಳು ಯಲ್ಲಮ್ಮಕ್ಕ. “ನಿನ್ ಕೋಳಿ ನಾ ಯಾಕ ಮುಟ್ಲಿ?”

“ಸುಮ್ನಿರೇ, ನೀನ್ ಕಣ್ಣಾರೆ ನೋಡಿದ್ಯಾ?” ಎಂದು ಅಮ್ಮ ಗದರಿದಳು. ಆದರೆ ಅಂದಿನಿಂದ ಅಮ್ಮನೂ ಹಗಲಿನಲ್ಲೇ ಬಾಗಿಲಿಗೆ ಚಿಲಕ ಹಾಕತೊಡಗಿದಳು. ಯಲ್ಲಮ್ಮಕ್ಕ ಬಂದರೆ ನಲ್ಲಿಯ ಬಳಿ ಮಾತು ನಿಲ್ಲುತ್ತಿತ್ತು. ತಿಂಗಳು ತುಂಬುವಷ್ಟರಲ್ಲಿ ಅವಳು ಕೋಣೆ ಖಾಲಿ ಮಾಡಿ, ಎಲ್ಲಿಗೆಂದು ಹೇಳದೆ ಹೊರಟುಹೋದಳು. ನಾನು ಗೆದ್ದೆ ಎಂದುಕೊಂಡೆ. ಸಾಕ್ಷಿಗಿರಲೆಂದು ಮೂಳೆಯನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟೆ.

ಮಳೆಗಾಲದ ಹೊತ್ತಿಗೆ ಮೋರಿ ಕಟ್ಟಿಕೊಂಡು, ನೀರೊಲೆಯ ಪಕ್ಕದ ಚಪ್ಪಡಿ ಎಬ್ಬಿಸಿದರು. ಅಡಿಯಲ್ಲಿ ಹೆಗ್ಗಣದ ಬಿಲ. ನಾಯಿಗೂ ಮಳೆಗೂ ಸಿಗದ ಆ ಬೆಚ್ಚನೆಯ ಒಣ ಜಾಗದಲ್ಲಿ, ಇಡೀ ವಠಾರ ಎಷ್ಟೋ ವರ್ಷ ತಿಂದೆಸೆದ ಕೋಳಿ ಮೂಳೆಗಳ ರಾಶಿ, ಅವುಗಳ ತುಂಬ ಹಲ್ಲಿನ ಗೀರು. ಎಲ್ಲಕ್ಕಿಂತ ಮೇಲೆ ಸಣ್ಣದೊಂದು ಕಾಲು. ನೀಲಿ ದಾರ ಇನ್ನೂ ಇತ್ತು.

ಡಬ್ಬ ತಂದು ಎರಡನ್ನೂ ಪಕ್ಕಪಕ್ಕ ಇಟ್ಟೆ. ನನ್ನ ಸಾಕ್ಷಿ ಗುಲಾಬಿಯ ಕಾಲಿನ ಅದೇ ಮೂಳೆಗಿಂತ ಎರಡರಷ್ಟು ಉದ್ದವಿತ್ತು.

ವಠಾರದ ಜಾಗದಲ್ಲಿ ಈಗ ಫ್ಲಾಟುಗಳಿವೆ. ಬೂದಿಗುಂಡಿಯಿಲ್ಲ, ನಲ್ಲಿಯ ಸಾಲಿಲ್ಲ. ಎಲ್ಲಾದರೂ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಬಾಗಿಲಲ್ಲಿ ಇಣುಕುತ್ತೇನೆ. ಅವಳು ಮತ್ತೆ ಸಿಗಲೇ ಇಲ್ಲ. ಅಂದು ನಾನು ಎತ್ತಿ ಹಿಡಿದ ಮೂಳೆಯನ್ನು ಅಷ್ಟು ಮಂದಿ ಹೆಂಗಸರು ನೋಡಿದ್ದರು, ನನ್ನಮ್ಮನೂ. ಎಲ್ಲರವೂ ಕೋಳಿ ಹಸನು ಮಾಡಿ ಬೇಯಿಸಿದ ಕೈಗಳೇ. ಅಷ್ಟು ಚಿಕ್ಕ ಮರಿಗೆ ಅಷ್ಟು ದೊಡ್ಡ ಮೂಳೆ ಇರದೆಂದು ಅವರಿಗೆ ಗೊತ್ತಿರಲಿಲ್ಲ ಎಂದರೆ ನಾನು ಇವತ್ತಿಗೂ ನಂಬುವುದಿಲ್ಲ.