ಅಪ್ಪನ ಮೂರಕ್ಷರದ ಊರುಗಳು

“ಬಾಬಾ, ಯೇ ಕೌನ್ಸಾ ಶಹರ್ ಹೈ?” ಇದು ಯಾವ ಊರು ಎಂದು ಇವತ್ತು ಬೆಳಿಗ್ಗೆ ಇಲ್ಲಿನ ಸದರ್ ಬಡಾವಣೆಯ ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನನ್ನು ಕೇಳಿದರು. ಲಕ್ವಾ ಹೊಡೆದ ಮೇಲೆ ನೆನಪು ಎಷ್ಟು ಉಳಿದಿದೆ ಎಂದು ನೋಡುವ ಪರೀಕ್ಷೆ, ಗೆಳೆಯರೇ.

“ಎನ್‌ಜಿಪಿ,” ಎಂದರು ಅಪ್ಪ. ಡಾಕ್ಟರು ನಕ್ಕರು. ಇಲ್ಲಿನ ಹುಡುಗರೆಲ್ಲ ನಾಗಪುರಕ್ಕೆ ಹಾಗೇ ಅನ್ನುತ್ತಾರೆ, ಟೀ ಶರ್ಟಿನ ಮೇಲೂ ಬರೆಸಿಕೊಳ್ಳುತ್ತಾರೆ. ಆದರೆ ಹುಟ್ಟಿದ ಊರು ಕೇಳಿದಾಗ ಅಪ್ಪ “ಯುಬಿಎಲ್” ಎಂದರು. ಡಾಕ್ಟರ ನಗು ಮಾಯವಾಯಿತು.

“ಅದು ಹುಬ್ಬಳ್ಳಿಯ ಸ್ಟೇಷನ್ ಕೋಡು ಸರ್,” ಎಂದು ನಾನು ಹಿಂದಿಯಲ್ಲಿ ಹೇಳಿದೆ. ರೈಲ್ವೆಯಲ್ಲೇ ಸವೆದ ಅಪ್ಪನಿಗೆ ಊರೆಂದರೆ ಕೋಡು.

“ಪೇಷಂಟ್ ಕೋ ಬೋಲ್ನೇ ದೀಜಿಯೇ,” ಪೇಷಂಟೇ ಹೇಳಲಿ ಎಂದು ಡಾಕ್ಟರು ನನ್ನನ್ನೇ ಗದರಿಸಿ, ಪಕ್ಕದಲ್ಲಿ ನಿಂತಿದ್ದ ಅವ್ವನತ್ತ ಕೈ ತೋರಿಸಿದರು. “ಯೇ ಕೌನ್ ಹೈ?”

ಅಪ್ಪ ಅವ್ವನನ್ನು ತುಂಬ ಹೊತ್ತು ನೋಡಿದರು.

“ಜಿಡಿಜಿ.”

ಡಾಕ್ಟರು ಕೈಚೆಲ್ಲಿದವರಂತೆ ನನ್ನ ಮುಖ ನೋಡಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬರೋಬರ್ ಹೇಳ್ಯಾರ್ರೀ. ನಾ ಗದಗಿನಾಕಿ. ಲಗ್ನ ಆದಾಗಿಂದ ನನ್ನ ಹಿಂಗ ಕರೀತಾರ.”

ನಾನು ಅದನ್ನು ಹಿಂದಿಯಲ್ಲಿ ತಿಳಿಸಿ ಹೇಳಿದೆ. ಹೆಂಡತಿಯನ್ನು ಗುರುತಿಸುತ್ತಾರೆ ಎಂದು ಡಾಕ್ಟರು ಬರೆದುಕೊಂಡರು.

ಅಪ್ಪನನ್ನು ಅಲ್ಲೇ ಬಿಟ್ಟು ಮನೆಗೆ ಬರುವಾಗ ಆಟೋದಲ್ಲಿ ಅವ್ವ ಮೆಲ್ಲಗೆ ಕೇಳಿದಳು: “ನನ್ನ ಖರೇ ಹೆಸರು ಕೇಳಿದ್ರ ಹೇಳತಿದ್ರೇನವಾ?”

ಕೇಳಿ ನೋಡುವ ಧೈರ್ಯ ನಮ್ಮಿಬ್ಬರಿಗೂ ಇಲ್ಲ. ಸದ್ಯಕ್ಕೆ ಮೂರಕ್ಷರದಲ್ಲೇ ಸಂಸಾರ ನಡೆಯಲಿ.