ನೀಲಿಗೆ ಎರಡು ಗೀರು

ಗಂಗಲಕ್ಷ್ಮಮ್ಮ ಜಹೀದಾಳನ್ನು ಮೊದಲು ಕಂಡ ದಿನವೇ ಇಬ್ಬರಿಗೂ ಜಗಳವಾಯಿತು. ಗಂಗಲಕ್ಷ್ಮಮ್ಮನ ಗಂಡ ತೀರಿಕೊಂಡು ಐದು ವರ್ಷವಾಗಿತ್ತು. ಚನ್ನಪಟ್ಟಣದಲ್ಲಿ ಸಾದಿಕ್ ಎಂಬುವನ ಗೊಂಬೆ ಷೆಡ್ಡಿಗೆ ಅವಳು ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ಅದು. ಮರದ ಬಳೆಗಳ ಪುಟ್ಟಿಯೊಂದನ್ನು ಮುಂದಿಟ್ಟು, ಒಡಕು, ಗಂಟು ಇದ್ದುದನ್ನು ಬೇರೆ ಮಾಡಮ್ಮ ಎಂದಿದ್ದರು. ಅವಳು ಒಡಕೂ ಇಲ್ಲದ ಗಂಟೂ ಇಲ್ಲದ ನಾಲ್ಕು ಬಳೆಗಳನ್ನು ಕೂಡ ಪಕ್ಕಕ್ಕೆ ಇಟ್ಟಳು.

ಕಿಟಕಿ ಪಕ್ಕದಲ್ಲಿ ಮರ ಕಡೆಯುತ್ತಿದ್ದ ಲೇತ್ ಗಕ್ಕನೆ ನಿಂತಿತು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದ, ಮೈಯೆಲ್ಲ ಮರದ ಪುಡಿ ಮೆತ್ತಿದ್ದ ಹೆಂಗಸೊಬ್ಬಳು ಎದ್ದು ಬಂದಳು. ಆ ಷೆಡ್ಡಿನ ಏಳು ಲೇತ್‌ಗಳಲ್ಲಿ ಹೆಂಗಸು ಕೂರುತ್ತಿದ್ದುದು ಅದೊಂದಕ್ಕೇ.

"ಏನಮ್ಮಾ, ಬಂದು ಒಂದ್ ಗಂಟೆ ಆಗಿಲ್ಲ, ನನ್ ಬಳೆಗೆ ಏನ್ ರೋಗ ಕಂಡುಬುಟ್ಟೆ?"

"ದುಂಡಗಿಲ್ಲ ಕಣವ್ವ."

"ದುಂಡಗಿಲ್ವಾ? ಇಪ್ಪತ್ತೆರಡು ವರ್ಷದಿಂದ ತಿರುಗಿಸ್ತಾ ಇವ್ನಿ. ನೀನೇನು ಚಂದ್ರನ್ನ ಅಳತೆ ಮಾಡ್ಕಂಡು ಬಂದಿದ್ದೀಯಾ?"

ಗಂಗಲಕ್ಷ್ಮಮ್ಮ ಮಾತು ಬೆಳೆಸಲಿಲ್ಲ. ಸೆರಗಿನಿಂದ ಒಂದು ಎಳೆ ದಾರ ಕಿತ್ತು ಬಳೆಗೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹಿಡಿದು ತೋರಿಸಿದಳು. ಅಕ್ಕಿಕಾಳಿನ ಅರ್ಧದಷ್ಟು ವ್ಯತ್ಯಾಸವಿತ್ತು. ಜಹೀದಾ ದಾರವನ್ನು ಕಿತ್ತುಕೊಂಡು ತಾನೇ ಹಿಡಿದು ನೋಡಿದಳು. ಆಮೇಲೆ ಷೆಡ್ಡಿನ ತಗಡು ಅದುರುವ ಹಾಗೆ ನಕ್ಕಳು. "ಈಯಮ್ಮ ನನ್ ಅತ್ತೆ ಆಗಿದ್ದಿದ್ರೆ ನಾನು ಮದ್ವೆ ದಿನಾನೇ ಓಡೋಯ್ತಿದ್ದೆ" ಎಂದಳು. ಅವತ್ತು ಮಧ್ಯಾಹ್ನ ಇಬ್ಬರೂ ಒಂದೇ ಕಡೆ ಕೂತು ಬುತ್ತಿ ಬಿಚ್ಚಿದರು.

ಜಹೀದಾಳ ಕತೆ ಗಂಗಲಕ್ಷ್ಮಮ್ಮನಿಗೆ ತಿಳಿದದ್ದು ಹೀಗೆ ಬುತ್ತಿ ಬಿಚ್ಚಿದಾಗಲೇ. ಅಪ್ಪ ಲೇತ್ ಕೆಲಸದವನು. ಗಂಡುಮಕ್ಕಳಿಗೆ ಕಲಿಸಿದ, ಇವಳಿಗೆ ಕಲಿಸಲಿಲ್ಲ. ಗಂಡ ಬಿಸ್ಮಿಲ್ಲಾ ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದ, ಮಗಳು ನೂರೀನ್ ಹುಟ್ಟಿದ ಮೂರನೇ ವರ್ಷ ಸತ್ತ. ಆಮೇಲೆ ಜಹೀದಾ ತರಬೇತಿ ಕೇಂದ್ರದಲ್ಲಿ ಲೇತ್ ಕಲಿತಳು. ಉಳಿ ಹಿಡಿದ ಕೈ ನಡುಗುವುದು ನಿಲ್ಲಲಿಕ್ಕೆ ಒಂದು ವರ್ಷ ಹಿಡಿಯಿತಂತೆ. ಬಣ್ಣ ಹಾಕುವ ಕೆಲಸಕ್ಕೆ ಅಷ್ಟು ಕಾಲ ಬೇಕಾಗಲಿಲ್ಲ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣ ಹತ್ತುತ್ತದೆ. ಆಮೇಲೆ ತಾಳೆ ಗರಿಯಲ್ಲಿ ಒತ್ತಿದರೆ ಹೊಳಪು. ಈ ಲೇತ್ ಬಿಟ್ಟರೆ ತಾನು ಯಾರೂ ಅಲ್ಲ ಎಂದು ಜಹೀದಾ ಹೇಳುತ್ತಿದ್ದಳು. ಬೇಜಾರಿನಿಂದ ಹೇಳುತ್ತಿದ್ದ ಮಾತಲ್ಲ ಅದು. ತನ್ನ ಊರು ಇಂಥದ್ದು ಎನ್ನುವ ಹಾಗೆ ಹೇಳುತ್ತಿದ್ದಳು.

ಟ್ಯಾಬಿನ ಹಕ್ಕಿ ಷೆಡ್ಡಿಗೆ ಬಂದದ್ದು ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ. ಬೆಂಗಳೂರಿನ ಕಂಪನಿಯೊಂದು ಮಕ್ಕಳ ಹೊಸ ಆಟ ಮಾಡಿತ್ತು. ಬಟ್ಟೆಯ ಹಾಸು, ಅದರ ಮುಂದೆ ನಿಲ್ಲಿಸಿದ ಟ್ಯಾಬು, ಆರು ಬಣ್ಣದ ಆರು ಮರದ ಹಕ್ಕಿ. ಹಕ್ಕಿಗಳ ಆಕಾರವೆಲ್ಲ ಒಂದೇ, ಬಣ್ಣ ಮಾತ್ರ ಬೇರೆ. ಹಸಿರು ಹಕ್ಕಿಯನ್ನು ಹಾಸಿನ ಮೇಲಿಟ್ಟರೆ ಟ್ಯಾಬು ತನ್ನ ಕ್ಯಾಮೆರಾ ಕಣ್ಣಿನಲ್ಲಿ ಅದರ ಬಣ್ಣ ನೋಡಿಕೊಂಡು ಗಾಜಿನೊಳಗೆ ಗಿಳಿಯನ್ನು ಎಬ್ಬಿಸುತ್ತಿತ್ತು. ಮಗು ಮರದ ಹಕ್ಕಿಯನ್ನು ಹೇಗೆ ಆಡಿಸಿದರೆ ಗಾಜಿನ ಗಿಳಿ ಹಾಗೆ ಹಾರುತ್ತಿತ್ತು. ನೀಲಿ ಇಟ್ಟರೆ ಮಿಂಚುಳ್ಳಿ, ಅರಿಶಿನದ್ದು ಇಟ್ಟರೆ ಇನ್ನೊಂದು.

ಹಕ್ಕಿ ತಿರುಗಿಸುವುದು, ಬಣ್ಣ ಹಾಕುವುದು ಜಹೀದಾಳ ಕೆಲಸವಾಯಿತು. ಪ್ರತಿ ಹಕ್ಕಿಯನ್ನೂ ಹಾಸಿನ ಮೇಲಿಟ್ಟು, ಟ್ಯಾಬು ಸರಿಯಾದ ಹಕ್ಕಿಯನ್ನು ಎಬ್ಬಿಸುತ್ತದೋ ಇಲ್ಲವೋ ನೋಡುವುದು ಗಂಗಲಕ್ಷ್ಮಮ್ಮನ ಕೆಲಸ.

"ಒಳ್ಳೆ ಹೆಣ್ಣು ನೋಡಾಕ್ ಬಂದ ಗಂಡು ಸಿಕ್ಕಿದ್ನಲ್ಲಕ್ಕ ನಿಂಗೆ" ಎಂದು ಜಹೀದಾ ಟ್ಯಾಬನ್ನು ಆಡಿಕೊಳ್ಳುತ್ತಿದ್ದಳು. "ನಾನ್ ಶೃಂಗಾರ ಮಾಡಿ ಕಳುಸ್ತೀನಿ, ಅವನು ಕುಂತಲ್ಲೇ ಒಪ್ತಾನೆ, ಕುಂತಲ್ಲೇ ಒಲ್ಲೆ ಅಂತಾನೆ. ಕಾಫಿನೂ ಕೇಳಲ್ಲ."

ಯುಗಾದಿಯಾದ ಮಾರನೇ ವಾರ, ಶುಕ್ರವಾರ, ಹಸಿರು ಹಕ್ಕಿಗಳ ತಟ್ಟೆಯಿಂದ ತೆಗೆದಿಟ್ಟ ಒಂದು ಹಕ್ಕಿಗೆ ಮಿಂಚುಳ್ಳಿ ಎದ್ದಿತು. ಗಂಗಲಕ್ಷ್ಮಮ್ಮ ಟ್ಯಾಬಿನ ಗಾಜು ಒರೆಸಿದಳು. ಸಂಜೆಯಾಗಿತ್ತು, ಬೆಳಕು ಸಾಲದೆ ಹೀಗಾಗಿರಬೇಕೆಂದು ದೀಪ ಹತ್ತಿರಕ್ಕೆ ಎಳೆದಳು. ಮತ್ತೆ ಮಿಂಚುಳ್ಳಿಯೇ. ಮುನ್ನೂರು ಹಕ್ಕಿ ನೋಡಿ ಸೋತ ಕಣ್ಣುಗಳನ್ನು ಉಜ್ಜಿಕೊಂಡು ಆ ಹಕ್ಕಿಯನ್ನು ಇನ್ನೊಂದರ ಪಕ್ಕಕ್ಕೆ ಹಿಡಿದಳು. ಅದು ಹಸಿರಲ್ಲ, ನೀಲಿ. ತಟ್ಟೆಯಲ್ಲಿ ಅಂಥವು ಇನ್ನೂ ಎರಡಿದ್ದವು.

ಎಲ್ಲರೂ ಹೊರಟ ಮೇಲೆ ಜಹೀದಾಳನ್ನು ಕರೆದು ಒಂದು ಹಸಿರು, ಒಂದು ನೀಲಿ ಅವಳ ಅಂಗೈಯಲ್ಲಿಟ್ಟಳು. "ಇದ್ಯಾವುದು, ಇದ್ಯಾವುದು, ಹೇಳು."

"ಎರಡೂ ಹಸಿರು. ಯಾಕೆ, ನಿನ್ ಗಂಡು ಒಲ್ಲೆ ಅಂದ್ನಾ?"

ಗಂಗಲಕ್ಷ್ಮಮ್ಮ ಒಂದರ ಮೇಲೆ ಬೆರಳಿಟ್ಟು, "ಇದು ನೀಲಿ" ಎಂದಳು. ಜಹೀದಾ ನಂಬಲಿಲ್ಲ. ಕಿಟಕಿಯ ಹತ್ತಿರ ಹೋದಳು, ಬಾಗಿಲಾಚೆ ಹೋದಳು, ಹಕ್ಕಿಗಳನ್ನು ಮೂಗಿನ ಹತ್ತಿರ ಹಿಡಿದಳು. ವಾಪಸು ಬಂದಾಗ ಮುಖ ಬೇರೆಯಾಗಿತ್ತು.

"ಸಾದಿಕ್‌ಗೆ ಹೇಳ್ಬ್ಯಾಡಕ್ಕ. ಪ್ಯಾಕಿಂಗಿಗೆ ಕೂರುಸ್ಬುಡ್ತಾನೆ. ಲೇತಿಗೆ ಕಾಯ್ಕಂಡು ಇಬ್ರು ಗಂಡಸ್ರು ಅವ್ರೆ."

"ನಾನೇನೂ ಹೇಳಾಕಿಲ್ಲ ಬುಡು" ಎಂದಳು ಗಂಗಲಕ್ಷ್ಮಮ್ಮ.

ಅರಗಿನ ಕಡ್ಡಿಯಾಗಿದ್ದಾಗ ನೀಲಿ, ಹಸಿರು ಎರಡೂ ಕಪ್ಪಗೇ ಕಾಣುತ್ತವೆ. ಮರದ ಮೇಲೆ ತೆಳ್ಳಗೆ ಹರಡಿದಾಗಲೇ ಬಣ್ಣ ಬಿಡುವುದು. ಮಾರನೇ ದಿನ ಗಂಗಲಕ್ಷ್ಮಮ್ಮ ಎಲ್ಲರಿಗಿಂತ ಮೊದಲು ಬಂದು, ಕಡ್ಡಿಗಳ ಹಿಡಿಯುವ ತುದಿಯಲ್ಲಿ ಚಾಕುವಿನಿಂದ ಗೀರು ಹಾಕಿದಳು. ಹಸಿರಿಗೆ ಒಂದು ಗೀರು, ನೀಲಿಗೆ ಎರಡು. ಹೆಬ್ಬೆರಳಲ್ಲಿ ಸವರಿದರೆ ಗೊತ್ತಾಗುವಷ್ಟು ಆಳ. ಅವತ್ತಿನಿಂದ ದಿನಾ ಹಾಗೇ ಮಾಡಿದಳು. ಏಳು ತಿಂಗಳು ಒಂದು ಹಕ್ಕಿಯೂ ತಪ್ಪಲಿಲ್ಲ. ಜಹೀದಾ ಆಪಾ ಕೈಗೆ ಟ್ಯಾಬೇ ಸಲಾಂ ಹೊಡೀತದೆ ಎಂದು ಸಾದಿಕ್ ಕಂಪನಿಯವರ ಮುಂದೆ ಹೇಳಿದ.

ಆ ಏಳು ತಿಂಗಳಲ್ಲಿ ಬೇರೆಯವೂ ಕಂಡವು. ಪಕ್ಕದಲ್ಲಿಟ್ಟ ನೀರಿನ ಚೆಂಬನ್ನು ಜಹೀದಾ ಎರಡು ಸಲ ಒದ್ದಳು. ಬಲಗಡೆಯಿಂದ ಬಂದವರು ಮಾತಾಡಿಸಿದರೆ ಬೆಚ್ಚುತ್ತಿದ್ದಳು. ಒಂದು ದಿನ ಉಳಿ ಜಾರಿ ಹೆಬ್ಬೆರಳ ಉಗುರು ಸೀಳಿತು. ವಯಸ್ಸಾಯಿತಲ್ಲ, ಐವತ್ತೆರಡು, ಕಣ್ಣು ಮಂಜಾಗುವುದೇ ಎಂದು ಇಬ್ಬರೂ ಅಂದುಕೊಂಡರು. ಆಸ್ಪತ್ರೆಯ ಮಾತು ಒಂದು ಸಲ ಬಂತು. ಹೋದರೆ ಸಾದಿಕ್‌ಗೆ ಗೊತ್ತಾಗುತ್ತದೆ ಎಂದು ಜಹೀದಾ ಅಂದಳು. ಗಂಗಲಕ್ಷ್ಮಮ್ಮ ಎರಡನೇ ಸಲ ಎತ್ತಲಿಲ್ಲ.

ಕಾರ್ತಿಕದಲ್ಲಿ ಬೈರಮಂಗಲದ ತಂಗಿಗೆ ಕಾಲು ಮುರಿದು, ಗಂಗಲಕ್ಷ್ಮಮ್ಮ ಎರಡು ದಿನ ಅಲ್ಲಿ ಉಳಿಯಬೇಕಾಯಿತು. ಹೋಗುವ ಮುಂಚೆ ಎರಡು ದಿನಕ್ಕಾಗುವಷ್ಟು ಕಡ್ಡಿಗೆ ಗೀರು ಹಾಕಿಟ್ಟಿದ್ದಳು. ಒಂದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಲೇತ್ ಕೆಲಸದವರು ಅರಗನ್ನು ಬಿಸಾಡುವುದಿಲ್ಲ. ಬೆರಳು ಸುಡುವಷ್ಟು ಗಿಡ್ಡಗಾದ ಮೋಟು ಕಡ್ಡಿಗಳನ್ನು ಕೂಡಿಟ್ಟು, ಬಿಸಿ ಮಾಡಿ, ಒಂದಕ್ಕೊಂದು ಅಂಟಿಸಿ ಮತ್ತೆ ಉದ್ದ ಮಾಡಿಕೊಳ್ಳುತ್ತಾರೆ. ಇವಳಿದ್ದಾಗ ಮೋಟುಗಳನ್ನು ಇವಳೇ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಇವಳಿಲ್ಲದ ದಿನ ಜಹೀದಾ ಮೋಟುಗಳನ್ನು ತಾನೇ ಬೆರಳಲ್ಲಿ ಸವರಿ, ಅಂಟಿಸಿಕೊಂಡಳು. ನೀಲಿ ಮೋಟುಗಳು ಬಿಸಿಗೆ ಮೆತ್ತಗಾಗಿ ಎರಡು ಗೀರಿನಲ್ಲಿ ಒಂದು ಮುಚ್ಚಿಹೋಗಿ, ಬೆರಳಿಗೆ ಹಸಿರಿನ ಹಾಗೆ ಒಂದೇ ಗೀರು ಸಿಗುತ್ತಿತ್ತು.

ಗಂಗಲಕ್ಷ್ಮಮ್ಮ ತಂಗಿಯ ಊರಿನಿಂದ ಬಿಡದಿಗೆ ಬಂದು ಬಸ್ ಹಿಡಿದು ಮಧ್ಯಾಹ್ನ ಷೆಡ್ಡಿಗೆ ಬಂದಾಗ ಒಂದು ಲೇತೂ ಓಡುತ್ತಿರಲಿಲ್ಲ. ಜಹೀದಾಳ ಮುಂದೆ ಎರಡು ತಟ್ಟೆ ತುಂಬ ನೀಲಿ ಹಕ್ಕಿ. ಎದುರಿಗೆ ಸಾದಿಕ್.

"ಇನ್ನೊಂದ್ ಸಲ ಹೇಳಿ ಆಪಾ, ಯಾವ ಬಣ್ಣ?"

"ಹಸಿರು ಕಣಪ್ಪ. ನೂರಾ ನಲವತ್ತು. ನೀನ್ ಹೇಳಿದ್ದಷ್ಟೇ."

ಹಿಂದಿನ ಲೇತಿನ ಆಫ್ತಾಬ್ ಕಿಸಕ್ಕೆಂದ. ಯಾರೂ ಜೊತೆಗೆ ನಗಲಿಲ್ಲ, ಅವನೂ ಬಾಯಿ ಮುಚ್ಚಿಕೊಂಡ. ಜಹೀದಾ ಎಲ್ಲರ ಮುಖ ನೋಡಲು ಕತ್ತು ಪೂರ್ತಿ ತಿರುಗಿಸಬೇಕಾಯಿತು. ಬಾಗಿಲಲ್ಲಿ ನಿಂತ ಗಂಗಲಕ್ಷ್ಮಮ್ಮನನ್ನು ಕಂಡೊಡನೆ ತಟ್ಟೆಯಿಂದ ಕೈ ತೆಗೆದಳು.

ಸಾದಿಕ್ ಕಡ್ಡಿಯೊಂದನ್ನು ಎತ್ತಿ ತಿರುಗಿಸಿ ನೋಡಿದ. "ಈ ಗೀರು ಯಾರು ಹಾಕಿದ್ದು?"

"ನಾನು" ಎಂದಳು ಗಂಗಲಕ್ಷ್ಮಮ್ಮ.

"ಅಜ್ಜಿ, ನಿಮ್ಮನ್ನ ಕೂರ್ಸಿದ್ದೇ ತಪ್ಪು ಹಿಡಿಯೋಕೆ."

ಅವನು ಬೈದದ್ದು ಅಷ್ಟೇ. ಲೇತಿನ ಸ್ವಿಚ್ಚಿನ ಹತ್ತಿರ ಜಹೀದಾಳನ್ನು ಬಿಡಲಿಲ್ಲ. ಮಾರನೇ ದಿನ ತಾನೇ ಕಾರಿನಲ್ಲಿ ಇಬ್ಬರನ್ನೂ ರಾಮನಗರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ನಿಧಾನವಾಗಿ ಹೇಳಿದಳು. ಪೊರೆಯಲ್ಲ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗುತ್ತಾ ಬಂದಿದೆ. ಬಲಗಣ್ಣು ಹೆಚ್ಚು ಕಡಿಮೆ ಹೋಗಿದೆ. ಎಡಗಣ್ಣಿನಲ್ಲಿ ಮಧ್ಯದ್ದಷ್ಟು ಉಳಿದಿದೆ. ಹೋದದ್ದು ಬರುವುದಿಲ್ಲ. ಇದ್ದದ್ದು ಉಳಿಯಬೇಕಾದರೆ ದಿನಾ ಔಷಧಿ ಬಿಡಬೇಕು.

"ಬಣ್ಣ ಗೊತ್ತಾಗದೆ ಇದ್ದದ್ದು ಯಾವಾಗಿಂದ?"

"ಇತ್ತೀಚೆಗೇ ಮೇಡಂ" ಎಂದಳು ಜಹೀದಾ.

"ಯುಗಾದಿ ಮಾರ್ನೇ ವಾರದಿಂದ. ಶುಕ್ರವಾರ ಸಂಜೆ" ಎಂದಳು ಗಂಗಲಕ್ಷ್ಮಮ್ಮ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವುದು ಅವಳಿಗೆ ಅಭ್ಯಾಸ.

ಡಾಕ್ಟರಮ್ಮ ಬರೆಯುತ್ತಿದ್ದವಳು ತಲೆ ಎತ್ತಿದಳು. "ಅಷ್ಟು ನೆನಪಿದೆಯಾ? ಆಗಲೇ ಬಂದಿದ್ದರೆ ಈ ಬಲಗಣ್ಣಿನಲ್ಲಿ ತುಂಬಾ ಉಳಿಸಬಹುದಾಗಿತ್ತು." ಮತ್ತೆ ಬರೆಯತೊಡಗಿದಳು.

ವಾಪಸು ಬರುವಾಗ ಕಾರಿನಲ್ಲಿ, ಪ್ಯಾಕಿಂಗಿಗೆ ಬನ್ನಿ ಆಪಾ, ನಿಮ್ಮ ಜಾಗ ಎಲ್ಲೂ ಹೋಗಲ್ಲ ಎಂದು ಸಾದಿಕ್ ಒಂದು ಸಲ ಅಂದ. ಜಹೀದಾ ಹೋಗಲಿಲ್ಲ. ಕಿಟಕಿ ಪಕ್ಕದ ಲೇತಿಗೆ ಆಫ್ತಾಬ್ ಕೂತ. ಮಾಗಡಿಯಲ್ಲಿದ್ದ ಮಗಳು ನೂರೀನ್, ಅಮ್ಮನನ್ನು ತನ್ನ ಮನೆಗೆ ಕರೆದೊಯ್ಯುವುದೆಂದು ಗೊತ್ತುಮಾಡಿದಳು.

ಅಲ್ಲಿಯತನಕ ಹನ್ನೊಂದು ದಿನ ಗಂಗಲಕ್ಷ್ಮಮ್ಮ ಬೆಳಿಗ್ಗೆ ಹೋಗಿ ಔಷಧಿ ಬಿಟ್ಟು ಬಂದಳು. ಒಂದೊಂದು ಕಣ್ಣಿಗೆ ಒಂದೊಂದು ಹನಿ, ಆಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಮಲಗಿರಬೇಕು. ಆ ದಿನಗಳಲ್ಲಿ ಜಹೀದಾ ಅಡುಗೆಯ ಮಾತಾಡಿದಳು, ಮೊಮ್ಮಗಳ ಮಾತಾಡಿದಳು. ಷೆಡ್ಡಿನ ಹೆಸರೆತ್ತಲಿಲ್ಲ.

ಹನ್ನೊಂದನೇ ದಿನ ನೂರೀನ್ ಒಳಗೆ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಜಹೀದಾ ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಗಂಗಲಕ್ಷ್ಮಮ್ಮ ಬಲಗಣ್ಣಿಗೆ ಬಿಟ್ಟಳು, ಎಡಗಣ್ಣಿಗೆ ಬಿಟ್ಟಳು, ಕೆನ್ನೆಗೆ ಇಳಿದದ್ದನ್ನು ಸೆರಗಿನಲ್ಲಿ ಒತ್ತಿದಳು. ಜಹೀದಾ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು. ಕಣ್ಣು ತೆರೆಯಲಿಲ್ಲ. ಸಿಟ್ಟಿನ ದನಿಯಾಗಿರಲಿಲ್ಲ ಅದು. ಒಳಗಿದ್ದ ಮಗಳಿಗೆ ಕೇಳಿಸದಷ್ಟು ಮೆಲ್ಲಗಿತ್ತು.

"ಆ ಟ್ಯಾಬು ಅವತ್ತೇ ಹೇಳ್ತಲ್ಲ ಗಂಗಕ್ಕ. ನಾನಂತೂ ಲೇತಿನ ಆಸೆಗೆ ಬಾಯ್ ಮುಚ್ಕಂಡೆ. ನೀನ್ಯಾಕಕ್ಕ ಮುಚ್ಕಂಡೆ?"