ಪ್ರಿಂಟ್ ಗುಂಡಿಯ ಕೆಳಗಿನ ಖಾನೆ

ಕಲಬುರಗಿಯ ಆನಂದಕುಮಾರ ಹನ್ನೊಂದು ವರ್ಷಗಳಿಂದ ಕಂಪ್ಯೂಟರ್ ಪರದೆಯ ಮೇಲೆ ಫಾರ್ಮಿನ ಖಾನೆ ಜೋಡಿಸುತ್ತಾನೆ. ಎಡಕ್ಕೆ ಹೆಸರು, ಊರು, ವಯಸ್ಸು ಎಂಬ ಲೇಬಲ್. ಬಲಕ್ಕೆ ತುಂಬುವ ಜಾಗ. ಎರಡೂ ಒಂದೇ ಗೆರೆಗೆ ನಿಲ್ಲದಿದ್ದರೆ ಅವನಿಗೆ ಊಟ ಸೇರದು.

ಅವನ ಕಂಪನಿಯ ಮಾಲೀಕ ವಿವೇಕಾನಂದ ಹಿಂದೆ ಕಾಲೇಜೊಂದಕ್ಕೆ ಮಾಡಿಸಿದ್ದ ಪ್ರವೇಶ ಫಾರ್ಮನ್ನೇ ಕಮಲಾಪುರದ ರಕ್ತ ತಪಾಸಣೆ ಕೇಂದ್ರಕ್ಕೂ ಮಾರಿದ. ಆನಂದ 'ಅಂಕ' ತೆಗೆದು 'ತಪಾಸಣೆ' ಇಟ್ಟ. 'ಜಾತಿ' ಅಲ್ಲೇ ಉಳಿಯಿತು, ಪಕ್ಕದ ಕೆಂಪು ಚುಕ್ಕಿಯೂ. ಚುಕ್ಕಿ ಇದ್ದ ಖಾನೆ ತುಂಬದೆ ಮುಂದೆ ಹೋಗುವಂತಿಲ್ಲ. ಸಕ್ಕರೆ ನೋಡಲು ಜಾತಿ ಯಾಕೆ ಎಂದು ಯಾರೂ ಕೇಳಲಿಲ್ಲ. ಅವನೂ ಕೇಳಲಿಲ್ಲ.

ಕೇಳಿದ್ದು ಅವನ ತಾಯಿ, ಮಹಾಗಾಂವದ ಮಾನಮ್ಮ. ಕಾಲಿನ ಗಾಯ ಇಪ್ಪತ್ತು ದಿನವಾದರೂ ಮಾಯದೆ, ಟೆಂಪೋ ಹತ್ತಿ ಕೇಂದ್ರಕ್ಕೆ ಬಂದಿದ್ದಳು. ಕೌಂಟರಿನಲ್ಲಿ ಕೂರುವ ಹುಡುಗಿ ಸೃಷ್ಟಿ, ಪರದೆಯಲ್ಲಿದ್ದುದನ್ನು ಇಡೀ ಸಾಲಿಗೆ ಕೇಳುವಂತೆ ಓದುತ್ತಾಳೆ.

"ಜಾತಿ ಹೇಳ್ರಿ, ಅಮ್ಮಾ."

"ಬೆರಳ ಚುಚ್ಚಾಕ ಅದ್ಯಾಕವ್ವ?"

"ನಾ ಕೇಳಾಕತ್ತಿಲ್ರೀ, ಕಂಪ್ಯೂಟರ್ ಕೇಳಾಕತ್ತದ. ತುಂಬದಿದ್ರ ಮುಂದ ಹೋಗಂಗಿಲ್ಲ."

ಹಿಂದೆ ನಿಂತವರೆಲ್ಲ ಉತ್ತರಕ್ಕೆ ಕಿವಿ ಕೊಟ್ಟಿದ್ದರು. ಮಾನಮ್ಮ ಸಾಲು ಬಿಟ್ಟು ಹೊರಬಂದಳು.

ಭಾನುವಾರ ಮಗನಿಗೆ ರೊಟ್ಟಿ ಬಡಿಸುತ್ತ ಕೇಳಿದಳು: "ಯಾವ ಶಾಣ್ಯಾ ಮಾಡ್ಯಾನೋ ಅದನ್ನ?"

"ನಾನೇ, ಅವ್ವ."

"ಹಂಗಾದ್ರ ನೀನೇ ತೆಗಿ. ಅಲ್ಲೀತನ ನಾ ಆ ಬಾಗಿಲ ತುಳಿಯಂಗಿಲ್ಲ."

ಸೋಮವಾರ ವಿವೇಕಾನಂದ ಒಪ್ಪಲಿಲ್ಲ. "ಒಂದ್ ಖಾನೆ ತೆಗದ್ರ ಎಲ್ಲಾ ಕೆಡ್ತದ. ಇದ್ರ ಯಾರಿಗೇನ್ ತ್ರಾಸು?"

"ನಮ್ಮವ್ವಗ್ರೀ."

ವಿವೇಕಾನಂದ ಫೋನು ನೋಡಿದ. "ಖಾನೆ ಇರ್ಬೇಕು. ಅಷ್ಟೇ."

ಖಾನೆ ಇತ್ತು. ಆನಂದ ಚುಕ್ಕಿ ಅಳಿಸಿ, ಅದನ್ನು ಪ್ರಿಂಟ್ ಗುಂಡಿಯ ಕೆಳಗೆ ಇಳಿಸಿದ, ಗೆರೆಗೆ ಸರಿಯಾಗಿಯೇ. ಈಗ ಹೆಸರು, ಊರು, ವಯಸ್ಸು, ತಪಾಸಣೆ ತುಂಬಿದರೆ ಕರ್ಸರ್ ನೇರ ಪ್ರಿಂಟಿಗೇ ಹೋಗುತ್ತದೆ. ಜಾತಿಯ ಸರದಿ ಬರುವಷ್ಟರಲ್ಲಿ ಚೀಟಿ ಹಿಡಿದವರು ಸೂಜಿಯ ಕುರ್ಚಿಯಲ್ಲಿ ಕೂತಿರುತ್ತಾರೆ.

ಗುರುವಾರ ಮಾನಮ್ಮ ಮತ್ತೆ ಸಾಲಿನಲ್ಲಿ ನಿಂತಳು. ಚೀಟಿ ಕೈಗೆ ಬಂದರೂ ಸರಿಯದೆ ಸೃಷ್ಟಿಯನ್ನು ಕೇಳಿದಳು:

"ಮತ್ತೇನರೆ ಕೇಳೋದದೇನವ್ವ?"

"ಏನಿಲ್ರೀ. ಮುಂದಿನವ್ರು ಬರ್ರಿ."

ಸಕ್ಕರೆ ಮುನ್ನೂರ ಹತ್ತು ಬಂತು. ಅಂದೇ ಮಾತ್ರೆ ಶುರುವಾಯಿತು. ಕೇಂದ್ರದ ಮೂರು ತಿಂಗಳ ವರದಿಯಲ್ಲಿ ಜಾತಿಯ ಸಾಲು ಪೂರ್ತಿ ಖಾಲಿ ಕಂಡಾಗ ವಿವೇಕಾನಂದ ಆನಂದನನ್ನು ಕರೆಸಿದ.

"ನೀವಂದಂಗ ಖಾನೆ ಇದ್ದೇ ಅದಲ್ರೀ," ಅಂದ ಆನಂದ.